ನಿಂತ ಗಾಡಿಯ ಬ್ಯಾಟರಿಗೂ ಮೇವು ಬೇಕು



ಮೇ ತಿಂಗಳ ಕೊನೆ. ರೋಹಿಣಿ ಮಳೆ ಬಿದ್ದು ಹೊಲ ಹದಕ್ಕೆ ಬಂದಿದೆ. ಗೋವಿನಜೋಳದ ಬೀಜ, ಗೊಬ್ಬರ ಎರಡೂ ಮನೆಯಲ್ಲಿವೆ. ಬೆಳಿಗ್ಗೆ ಹಾಲು ಹಿಂಡಿ ಸಂಘಕ್ಕೆ ಹಾಕಿ ಬಂದು ಟ್ರ್ಯಾಕ್ಟರಿನ ಕೀಲಿ ತಿರುವಿದರೆ 'ಟಕ್' ಎಂಬ ಒಂದು ಸದ್ದು ಬಿಟ್ಟು ಮತ್ತೇನೂ ಇಲ್ಲ. ಇನ್ನೊಮ್ಮೆ ತಿರುವಿದರೆ ಆ ಸದ್ದೂ ಇಲ್ಲ. ಆಗ ಓಣಿಯ ನಾಲ್ಕು ಜನ ಕೂಡಿ ನೂಕುವುದು, ಇಳಿಜಾರು ಹುಡುಕುವುದು, ಪಕ್ಕದ ಮನೆಯವರ ಬ್ಯಾಟರಿ ಬಿಚ್ಚಿ ತರುವುದು ಶುರುವಾಗುತ್ತದೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲೂಕುಗಳ ಊರುಗಳಲ್ಲಿ ಈ ದೃಶ್ಯ ನೋಡದವರು ಕಡಿಮೆ. "ಗಾಡಿ ಹೊಡದೇ ಇಲ್ಲ, ಬ್ಯಾಟರಿ ಹ್ಯಾಂಗ ಹೋತು?" ಎಂದು ಎಲ್ಲರೂ ಕೇಳುತ್ತಾರೆ.

ಹೊಡೆಯದೇ ಇಟ್ಟಿದ್ದರಿಂದಲೇ ಹೋಯಿತು. ದಿನವೂ ದುಡಿಯುವ ಟ್ರ್ಯಾಕ್ಟರಿನ ಬ್ಯಾಟರಿಗಿಂತ ಮನೆಯ ಮುಂದೆ ಸುಮ್ಮನೆ ನಿಂತ ಟ್ರ್ಯಾಕ್ಟರಿನ ಬ್ಯಾಟರಿ ಬೇಗ ಸಾಯುತ್ತದೆ. ನಾವು ಆಕಳಿಗೆ ಹಾಲು ಬತ್ತಿಸಿದ ಮೇಲೆ, ಅದು ಹಾಲು ಕೊಡುವುದಿಲ್ಲವೆಂದು ಮೇವು ನಿಲ್ಲಿಸುತ್ತೇವೆಯೇ? ನಿಲ್ಲಿಸಿದರೆ ಮುಂದಿನ ಸೂಲಿನಲ್ಲಿ ಏನಾಗುತ್ತದೆ ಎಂಬುದು ನಿಮಗೆ ಹೇಳಬೇಕಾಗಿಲ್ಲ. ಬ್ಯಾಟರಿಯ ವಿಷಯವೂ ಹೆಚ್ಚುಕಡಿಮೆ ಹಾಗೆಯೇ.

ನಮ್ಮ ಭಾಗದಲ್ಲಿ ಗಾಡಿಗಳು ನಿಲ್ಲುವ ಕಾಲ ಬಹಳ. ಬಿತ್ತನೆ, ಎಡೆ ಮುಗಿದ ಮೇಲೆ ಒಕ್ಕಣೆಯವರೆಗೆ ಟ್ರ್ಯಾಕ್ಟರಿಗೆ ದೊಡ್ಡ ಕೆಲಸವಿಲ್ಲ. ಗೋವಿನಜೋಳ ಮಾರಿದ ಮೇಲೆ ಮೆಣಸಿನಕಾಯಿ ಬ್ಯಾಡಗಿ ಪೇಟೆಗೆ ಹೇರುವುದು, ಭರತ ಹುಣ್ಣಿಮೆಗೆ ಮೈಲಾರ ಜಾತ್ರೆಗೆ ಹೋಗಿಬರುವುದು. ಆ ಮೇಲೆ ಬೇಸಿಗೆ ಮುಗಿಯುವತನಕ ತಗಡಿನ ಕೆಳಗೆ ನಿಂತದ್ದು ನಿಂತಂತೆಯೇ. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಲಾಕ್‌ಡೌನ್ ಬಂದಾಗ ಹಾಲಿನ ವಾಹನ ಬಿಟ್ಟು ಉಳಿದವು ವಾರಗಟ್ಟಲೆ ನಿಂತವು. 2022ರಲ್ಲಿ ಚರ್ಮಗಂಟು ರೋಗ ನಮ್ಮ ಜಿಲ್ಲೆಯಲ್ಲಿ ಹಬ್ಬಿದಾಗ ಜಾನುವಾರು ಸಂತೆ, ಸಾಗಾಟ ಎರಡೂ ಬಂದ್ ಆಗಿ ದನ ಹೇರುವ ಗಾಡಿಗಳು ನಿಂತವು. 2023ರ ಬರದಲ್ಲಿ ಉಳುಮೆಯೇ ಇಲ್ಲದೆ ಟ್ರ್ಯಾಕ್ಟರುಗಳು ನಿಂತವು. ಇದರ ಜೊತೆಗೆ ಮನೆಯಲ್ಲಿ ಒಂದು ಹಳೆಯ ಜೀಪು, ಮಗ ಬೆಂಗಳೂರಿಗೆ ಹೋದ ಮೇಲೆ ಉಳಿದ ಮೋಟಾರ್ ಸೈಕಲ್, ಮಳೆಗಾಲಕ್ಕಷ್ಟೇ ತೆಗೆಯುವ ಗೂಡ್ಸ್ ಗಾಡಿ ಇದ್ದರೆ, ಅವುಗಳಿಗೂ ಈ ಲೇಖನ ಅನ್ವಯಿಸುತ್ತದೆ.

ಲ್ಯಾಕ್ಟೋಮೀಟರ್ ಬಲ್ಲವರಿಗೆ ಬ್ಯಾಟರಿ ಸುಲಭ

ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸ್ ದೇಶದ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಮಾಡಿ ತೋರಿಸಿದರು. ನಮ್ಮ ದೇಶದಲ್ಲಿ ಕ್ಷೀರಧಾರೆ ಯೋಜನೆ ಆರಂಭವಾದದ್ದು 1970ರಲ್ಲಿ. ಅದಕ್ಕಿಂತ ನೂರು ವರ್ಷಕ್ಕೂ ಹಿಂದಿನ ವಸ್ತು ಇದು. ಈಗಲೂ ಟ್ರ್ಯಾಕ್ಟರಿನಲ್ಲಿ ಇರುವುದು ಬಹುಮಟ್ಟಿಗೆ ಅದೇ.

12 ವೋಲ್ಟಿನ ಬ್ಯಾಟರಿಯಲ್ಲಿ ಆರು ಮನೆಗಳಿವೆ. ಒಂದೊಂದು ಮನೆಯಿಂದ 2 ವೋಲ್ಟಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಪ್ರತಿ ಮನೆಯಲ್ಲಿ ಸೀಸದ ಪ್ಲೇಟುಗಳು, ಅವುಗಳ ಮೇಲೆ ನೀರು ಬೆರೆತ ಗಂಧಕಾಮ್ಲ. ನೀವು ಸೆಲ್ಫ್ ಹೊಡೆದಾಗ ಆಮ್ಲ ಪ್ಲೇಟಿನೊಳಗೆ ಸೇರಿಕೊಂಡು ಅಲ್ಲಿ ಸೀಸದ ಸಲ್ಫೇಟ್ ಆಗುತ್ತದೆ. ಹೊರಗೆ ಉಳಿಯುವುದು ತೆಳ್ಳಗಾದ ದ್ರಾವಣ. ಚಾರ್ಜ್ ಮಾಡಿದಾಗ ಆ ಸಲ್ಫೇಟ್ ಕರಗಿ ಆಮ್ಲ ಮತ್ತೆ ಹೊರಗೆ ಬರುತ್ತದೆ, ದ್ರಾವಣ ಗಟ್ಟಿಯಾಗುತ್ತದೆ.

ಸಂಘಗಳಿಗೆ ಈಗ ಹಾಲು ಪರೀಕ್ಷಿಸುವ ಯಂತ್ರ ಬಂದಿದ್ದರೂ ಲ್ಯಾಕ್ಟೋಮೀಟರನ್ನು ನಾವು ಮರೆತಿಲ್ಲ. ಒಳ್ಳೆಯ ಆಕಳ ಹಾಲಿನಲ್ಲಿ ಅದು 28ರ ಸುಮಾರು ತೋರಿಸುತ್ತದೆ, ಅಂದರೆ ಸಾಂದ್ರತೆ 1.028. ನೀರು ಬೆರೆಸಿದರೆ ಇಳಿಯುತ್ತದೆ. ಬ್ಯಾಟರಿ ನೋಡುವ ಹೈಡ್ರೋಮೀಟರ್ ಅದರ ಅಣ್ಣ ಎಂದೇ ತಿಳಿಯಿರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ ಅದು 1.240ರಿಂದ 1.260ರವರೆಗೆ ನಿಲ್ಲುತ್ತದೆ. 1.190ರ ಸುಮಾರು ಇದ್ದರೆ ಅರ್ಧ ಖಾಲಿ. 1.120ಕ್ಕೆ ಬಂದರೆ ಬರಿದಾಗಿದೆ. ವ್ಯತ್ಯಾಸ ಇಷ್ಟೇ: ಹಾಲಿಗೆ ನೀರನ್ನು ಯಾರೋ ಹೊರಗಿನಿಂದ ಹಾಕಬೇಕು, ಬ್ಯಾಟರಿಯಲ್ಲಿ ಆಮ್ಲವೇ ಪ್ಲೇಟಿನೊಳಗೆ ಅಡಗಿ ನೀರನ್ನು ಹೊರಗೆ ಬಿಡುತ್ತದೆ. ಆದ್ದರಿಂದ ರೀಡಿಂಗ್ ಇಳಿದ ಬ್ಯಾಟರಿಗೆ ಅಂಗಡಿಯಿಂದ ಆಮ್ಲ ತಂದು ಸುರಿಯುವುದು ತಪ್ಪು. ಆಮ್ಲ ಎಲ್ಲಿಗೂ ಹೋಗಿಲ್ಲ, ಒಳಗೇ ಇದೆ. ಹೊಸ ಆಮ್ಲ ಸುರಿದರೆ ರೀಡಿಂಗ್ ಏರಿದಂತೆ ಕಾಣುತ್ತದೆ, ಪ್ಲೇಟು ಬೇಗ ತಿಂದುಹೋಗುತ್ತದೆ.

ಹೈಡ್ರೋಮೀಟರ್ ಇಲ್ಲದವರು ವೋಲ್ಟ್ ಮೀಟರಿನಿಂದ ನೋಡಬಹುದು. ಗಾಡಿ ಬಂದ್ ಮಾಡಿದ ಕೂಡಲೇ ಅಳೆದರೆ ಸುಳ್ಳು ಅಂಕಿ ಬರುತ್ತದೆ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಅಳೆಯಬೇಕು. 12.6 ಅಥವಾ ಹೆಚ್ಚು ಇದ್ದರೆ ತುಂಬಿದೆ. 12.4ಕ್ಕೆ ಬಂದರೆ ಚಾರ್ಜಿಗೆ ಹಾಕುವ ಸಮಯ. 12.2 ಎಂದರೆ ಅರ್ಧ, 12 ಎಂದರೆ ಕಾಲು ಭಾಗವಷ್ಟೇ ಉಳಿದಿದೆ. "12 ವೋಲ್ಟಿನ ಬ್ಯಾಟರಿ, 12 ತೋರಸ್ತದ, ಬರೋಬ್ಬರಿ ಅದ" ಎಂದು ಬಿಟ್ಟವರು ಬಹಳ ಜನ. 12 ತೋರಿಸುವ ಬ್ಯಾಟರಿ ಹಸಿದು ಮಲಗಿದೆ.

ನಿಂತಲ್ಲೇ ಸೋರುವುದು

ಇನ್ನು ನಿಂತ ಬ್ಯಾಟರಿ ಏಕೆ ಖಾಲಿಯಾಗುತ್ತದೆ ಎಂಬ ಪ್ರಶ್ನೆ. ಒಂದು, ಏನೂ ಜೋಡಿಸದೆ ಇಟ್ಟರೂ ಒಳಗಿನ ರಾಸಾಯನಿಕ ಕ್ರಿಯೆಯಿಂದ ಅದು ತನ್ನಷ್ಟಕ್ಕೆ ಕರಗುತ್ತದೆ. ಹೊಸ, ಒಳ್ಳೆಯ ಬ್ಯಾಟರಿಯಲ್ಲಿ ತಿಂಗಳಿಗೆ ನೂರಕ್ಕೆ ಐದರಷ್ಟು. ಹಳೆಯದರಲ್ಲಿ ಹತ್ತು, ಇಪ್ಪತ್ತು ಆದರೂ ಆಶ್ಚರ್ಯವಿಲ್ಲ. ಬಿಸಿಲು ಇದನ್ನು ಹೆಚ್ಚಿಸುತ್ತದೆ. ಸುಮಾರು 10 ಡಿಗ್ರಿ ಶಾಖ ಏರಿದರೆ ಸೋರಿಕೆ ಇಮ್ಮಡಿ ಎಂದು ಲೆಕ್ಕ. ಏಪ್ರಿಲ್ ತಿಂಗಳಲ್ಲಿ ರಾಣೇಬೆನ್ನೂರಿನ ಬಿಸಿಲು, ಅದರ ಮೇಲೆ ತಗಡಿನ ಮಾಡು, ಅದರ ಕೆಳಗೆ ಕಬ್ಬಿಣದ ಬಾನೆಟ್ಟು. ಅಲ್ಲಿ ಬ್ಯಾಟರಿ ಹುರಿದುಹೋಗುತ್ತದೆ. ಚಳಿ ದೇಶದ ಪುಸ್ತಕಗಳು ಚಳಿಗಾಲದಲ್ಲಿ ಬ್ಯಾಟರಿ ಜೋಪಾನ ಎನ್ನುತ್ತವೆ. ನಾವು ಜೋಪಾನ ಮಾಡಬೇಕಾದುದು ಬೇಸಿಗೆಯಲ್ಲಿ.

ಎರಡನೆಯದು ನಾವೇ ಮಾಡಿಕೊಂಡದ್ದು. ಕೀಲಿ ತೆಗೆದ ಮೇಲೂ ಕರೆಂಟು ಎಳೆಯುವ ವಸ್ತುಗಳು ಈಗಿನ ಗಾಡಿಗಳಲ್ಲಿ ಹೆಚ್ಚಾಗಿವೆ. ಗಡಿಯಾರ, ಕಂಪ್ಯೂಟರ್ ಪೆಟ್ಟಿಗೆ, ಗಾಡಿ ಎಲ್ಲಿದೆ ಎಂದು ತೋರಿಸುವ ಜಿಪಿಎಸ್. ಇವೆಲ್ಲ ಕೂಡಿ 50 ಮಿಲಿ ಆಂಪಿಯರ್ ಎಳೆಯುತ್ತವೆ ಎಂದು ಹಿಡಿಯಿರಿ. ಏನೂ ಅಲ್ಲ ಎನಿಸುತ್ತದೆ. ಆದರೆ ದಿನಕ್ಕೆ 1.2 ಆಂಪಿಯರ್ ಗಂಟೆ, ತಿಂಗಳಿಗೆ 36. ಪಿಕಪ್ ಗಾಡಿಯ 65 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ತಿಂಗಳಲ್ಲಿ ಹೋಯಿತು, ಗಾಡಿ ಒಂದು ಗಜವೂ ಸರಿಯದೆ.

ಟ್ರ್ಯಾಕ್ಟರಿನ ಟೇಪಿನ ವಿಷಯ ಹೇಳದಿದ್ದರೆ ನಮ್ಮ ಸೀಮೆಯ ಲೇಖನ ಆಗುವುದಿಲ್ಲ. ಸೋಮವಾರ ಮತ್ತು ಗುರುವಾರ ಬ್ಯಾಡಗಿ ಮೆಣಸಿನಕಾಯಿ ಪೇಟೆ. ಹಿಂದಿನ ರಾತ್ರಿಯೇ ಮೋಟೆಬೆನ್ನೂರಿನಿಂದ ಒಳಗೆ ಹೋಗಿ ಸರತಿಯಲ್ಲಿ ನಿಂತರೆ ಹೊತ್ತು ಹೋಗಬೇಕಲ್ಲ. ಇಂಜಿನ್ ಬಂದ್, ಟೇಪು ಚಾಲೂ. ಎರಡು ದೊಡ್ಡ ಸ್ಪೀಕರು, ಒಂದು ಆಂಪ್ಲಿಫೈಯರ್, ಬಣ್ಣದ ದೀಪ ಕೂಡಿ 10 ಆಂಪಿಯರ್ ಎಳೆದರೆ ನಾಲ್ಕು ತಾಸಿಗೆ 40 ಆಂಪಿಯರ್ ಗಂಟೆ. 88ರ ಬ್ಯಾಟರಿ ಅರ್ಧಕ್ಕೆ ಬಂತು. ಮರುದಿನ ಹೇಗೋ ಚಾಲೂ ಆಗಿ ಮನೆಗೆ ಬಂದು, ಆ ಅರೆಹೊಟ್ಟೆಯಲ್ಲೇ ಎರಡು ತಿಂಗಳು ನಿಂತಿತು ಎಂದರೆ ಅದರ ಕಥೆ ಮುಗಿಯಿತು. ಹಾಡು ಕೇಳಬೇಡಿ ಎನ್ನುವುದಿಲ್ಲ. ಕೇಳಿದ ಮೇಲೆ ಬ್ಯಾಟರಿಗೆ ಉಣ್ಣಿಸಿರಿ.

ಅರೆಹೊಟ್ಟೆಯಲ್ಲಿ ನಿಲ್ಲಿಸಿದರೆ ಏಕೆ ಸಾಯುತ್ತದೆ? ಪ್ಲೇಟಿನ ಮೇಲೆ ಹೊಸದಾಗಿ ಆದ ಸಲ್ಫೇಟ್ ಮೃದುವಾಗಿರುತ್ತದೆ, ಚಾರ್ಜ್ ಕೊಟ್ಟರೆ ಕರಗುತ್ತದೆ. ವಾರಗಳ ಕಾಲ ಹಾಗೇ ಬಿಟ್ಟರೆ ಅದು ದೊಡ್ಡ ಹರಳಾಗಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಕರಗುವುದಿಲ್ಲ. ಬೆಲ್ಲದ ಪಾಕ ಬಿಸಿಯಿದ್ದಾಗ ಸೌಟಿಗೆ ಬರುತ್ತದೆ, ಮರುದಿನ ಕೊಪ್ಪರಿಗೆಗೆ ಅಂಟಿದ್ದು ಸುತ್ತಿಗೆಗೂ ಬರುವುದಿಲ್ಲವಲ್ಲ, ಹಾಗೆ.

ಐದು ನಿಮಿಷದ ಭ್ರಮೆ

"ನಾನು ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿ ಬಂದ್ ಮಾಡುತ್ತೇನೆ" ಎಂದು ಹೇಳುವವರು ಇದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಲೆಕ್ಕ ಹಾಕಿ ನೋಡೋಣ. ಸೆಲ್ಫ್ ಹೊಡೆದಾಗ 250 ಆಂಪಿಯರ್ ಹೋಗುತ್ತದೆ, ಐದು ಸೆಕೆಂಡು ಹಿಡಿಯುತ್ತದೆ ಎಂದುಕೊಳ್ಳಿ. ಅದು ಸುಮಾರು 0.35 ಆಂಪಿಯರ್ ಗಂಟೆ. ಎರಡು ಮೂರು ಸಲ ಹೊಡೆದರೆ 1ರ ಹತ್ತಿರ ಬಂತು. ಇಂಜಿನ್ ನಿಧಾನ ಓಟದಲ್ಲಿ ಇರುವಾಗ ಆಲ್ಟರ್ನೇಟರಿನಿಂದ ಬ್ಯಾಟರಿಗೆ ಸಿಗುವುದು ಕೆಲವೇ ಆಂಪಿಯರ್. 5 ಎಂದು ಹಿಡಿದರೂ ಐದು ನಿಮಿಷಕ್ಕೆ 0.4. ಅಂದರೆ ಸೆಲ್ಫಿಗೆ ಹೋದದ್ದು ಮರಳಿ ಬಂದರೆ ಅದೇ ಹೆಚ್ಚು. ಬ್ಯಾಟರಿ ತನ್ನಷ್ಟಕ್ಕೆ ತಿಂಗಳಲ್ಲಿ ಕಳೆದುಕೊಂಡ ಎಂಟೊಂಬತ್ತು ಆಂಪಿಯರ್ ಗಂಟೆಗೆ ಒಂದು ಹನಿಯೂ ಸೇರಲಿಲ್ಲ. ಮೇಲಾಗಿ ಇಂಜಿನ್ ಬಿಸಿಯಾಗುವ ಮೊದಲೇ ಬಂದ್ ಮಾಡಿದರೆ ಒಳಗೆ ನೀರಿನ ಆವಿ ಕೂತು ಆಯಿಲ್ ಕೆಡುತ್ತದೆ, ಡೀಸೆಲ್ ವ್ಯರ್ಥ.

ರೋಟಾವೇಟರ್ ಹೂಡಿ ಮೂರು ನಾಲ್ಕು ತಾಸು ಕೆಲಸ ಮಾಡಿದರೆ ಮಾತು ಬೇರೆ. ಆಗ ಇಂಜಿನ್ ಪೂರ್ತಿ ಓಟದಲ್ಲಿರುತ್ತದೆ, ಬ್ಯಾಟರಿ ಬಹುಮಟ್ಟಿಗೆ ತುಂಬುತ್ತದೆ. ಆದರೆ ಅರ್ಧ ಖಾಲಿಯಾದ ಬ್ಯಾಟರಿ ಪೂರ್ತಿ ತುಂಬಲು ಅದೂ ಸಾಲದು. ತುಂಬುತ್ತಾ ಹೋದಂತೆ ಅದು ಕರೆಂಟು ತೆಗೆದುಕೊಳ್ಳುವುದು ಕಡಿಮೆಯಾಗುತ್ತದೆ. ಕೊನೆಯ ಐದನೇ ಒಂದು ಭಾಗಕ್ಕೆ ಮೊದಲಿನ ನಾಲ್ಕು ಭಾಗದಷ್ಟೇ ಹೊತ್ತು ಬೇಕಾಗಬಹುದು. ಆದುದರಿಂದ ನಿಲ್ಲಿಸುವ ಗಾಡಿಗೆ ಚಾರ್ಜರೇ ಸರಿಯಾದ ದಾರಿ.

ಬಿಚ್ಚುವುದು, ಇಡುವುದು, ತುಂಬುವುದು

ಮೂರು ವಾರಕ್ಕಿಂತ ಹೆಚ್ಚು ಕಾಲ ಗಾಡಿ ನಿಲ್ಲುತ್ತದೆಂದು ತಿಳಿದಿದ್ದರೆ ಮೊದಲು ಬ್ಯಾಟರಿಯನ್ನು ಪೂರ್ತಿ ತುಂಬಿಸಿರಿ. ಆಮೇಲೆ ಮೈನಸ್ ತಂತಿಯನ್ನು ಬಿಚ್ಚಿರಿ. ಯಾವಾಗಲೂ ಮೈನಸ್ ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಕಾರಣವಿದೆ: ಗಾಡಿಯ ಮೈಯೆಲ್ಲ ಮೈನಸ್ಸಿಗೆ ಜೋಡಿಸಿರುತ್ತದೆ. ಪ್ಲಸ್ ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೆ ಕಿಡಿ ಹಾರಿ ಪಾನಾವೇ ಬೆಸುಗೆಯಾದೀತು. ಮೈನಸ್ ಮೊದಲೇ ಬಿಚ್ಚಿದ್ದರೆ ಈ ಭಯವಿಲ್ಲ.

ಇಷ್ಟು ಮಾಡಿದರೂ ಅರ್ಧ ಗೆದ್ದಂತೆ. ಇನ್ನೂ ಒಳ್ಳೆಯದೆಂದರೆ ಬ್ಯಾಟರಿಯನ್ನೇ ಬಿಚ್ಚಿ ತಂಪಾದ ಕೋಣೆಯಲ್ಲಿ ಇಡುವುದು. ಕಳ್ಳರ ಕೈಗೂ ಸಿಗುವುದಿಲ್ಲ, ಅದೂ ಒಂದು ಲಾಭ. ಸಿಮೆಂಟು ನೆಲದ ಮೇಲೆ ಇಟ್ಟರೆ ಬ್ಯಾಟರಿ ಇಳಿಯುತ್ತದೆ, ಹಲಗೆ ಹಾಕಬೇಕು ಎಂದು ಹಿರಿಯರು ಹೇಳುವುದುಂಟು. ಹಿಂದೆ ಬ್ಯಾಟರಿಯ ಪೆಟ್ಟಿಗೆ ಕಟ್ಟಿಗೆಯದು, ಗಟ್ಟಿ ರಬ್ಬರಿನದು ಇದ್ದಾಗ ಆ ಮಾತಿಗೆ ಅರ್ಥವಿತ್ತು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಸಿಮೆಂಟು ನೆಲದಿಂದ ಏನೂ ಆಗದು. ಹಲಗೆ ಹಾಕಿದರೆ ನೆಲ ಆಮ್ಲದಿಂದ ಕೆಡುವುದು ತಪ್ಪುತ್ತದೆ, ಅಷ್ಟೇ.

ಬ್ಯಾಟರಿಯ ಮೇಲೆ ಕೂತ ಧೂಳು, ತೇವವನ್ನು ಒರೆಸಿರಿ. ಆಮ್ಲ ಬೆರೆತ ಆ ಕೊಳೆಯ ಮೂಲಕವೂ ಕರೆಂಟು ಸೋರುತ್ತದೆ. ತುದಿಗಳಲ್ಲಿ ಬೆಳೆದ ಬಿಳಿ-ಹಸಿರು ಬೂಷ್ಟನ್ನು ಅಡುಗೆ ಸೋಡಾ ಹಾಕಿದ ಬಿಸಿನೀರಿನಿಂದ ತೊಳೆದು, ಒಣಗಿಸಿ, ತಂತಿ ಬಿಗಿದ ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿರಿ. ಸೋಡಾ ನೀರು ಮಾತ್ರ ಮನೆಗಳೊಳಗೆ ಹೋಗಕೂಡದು. ಗ್ರೀಸ್ ಮೆತ್ತುವುದು ನಮ್ಮ ಕಡೆ ರೂಢಿ. ಬಿಗಿಯುವ ಮೊದಲು ಮೆತ್ತಿದರೆ ಅದು ಕರೆಂಟಿಗೆ ಅಡ್ಡಿಯಾಗುತ್ತದೆ.

ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ನೋಡಿ, 12.4ರ ಹತ್ತಿರ ಬಂದಿದ್ದರೆ ಚಾರ್ಜಿಗೆ ಹಾಕಿರಿ. ಕರೆಂಟಿನ ಪ್ರಮಾಣ ಬ್ಯಾಟರಿಯ ಅಳತೆಯ ಹತ್ತನೇ ಒಂದು ಭಾಗ ಮೀರಬಾರದು. 88ರ ಬ್ಯಾಟರಿಗೆ 8 ಆಂಪಿಯರ್. ಇನ್ನೂ ಕಡಿಮೆಯಾದರೆ ಒಳ್ಳೆಯದೇ, ಹೊತ್ತು ಮಾತ್ರ ಹೆಚ್ಚು. "ಒಂದು ತಾಸಿನಲ್ಲಿ ಫುಲ್ ಮಾಡಿ ಕೊಡತೇವಿ" ಎನ್ನುವ ಅಂಗಡಿಯಲ್ಲಿ ಬ್ಯಾಟರಿ ಬಿಸಿಯಾಗಿ ಕುದಿಯುತ್ತದೆ, ಪ್ಲೇಟಿನ ಪುಡಿ ಉದುರುತ್ತದೆ. ಅವಸರದ ಚಾರ್ಜಿಗಿಂತ ರಾತ್ರಿಯಿಡೀ ಆಗುವ ನಿಧಾನ ಚಾರ್ಜು ಮೇಲು. ಒಂದೊಂದು ತಾಸಿಗೆ ನೋಡಿದ ಮೂರು ಹೈಡ್ರೋಮೀಟರ್ ರೀಡಿಂಗ್ ಒಂದೇ ಬಂದರೆ ಬ್ಯಾಟರಿ ತುಂಬಿತು ಎಂದು ತಿಳಿಯಿರಿ. ಆರು ಮನೆಗಳಲ್ಲಿ ಐದು 1.240 ತೋರಿಸಿ ಒಂದು ಮಾತ್ರ 1.180ರಲ್ಲೇ ನಿಂತರೆ ಆ ಮನೆ ಕೆಟ್ಟಿದೆ. ಅಂಥ ಬ್ಯಾಟರಿಗೆ ಇನ್ನು ಖರ್ಚು ಮಾಡಬೇಡಿ.

ಈ ಚಾರ್ಜಿಗೆ ತಗಲುವ ವಿದ್ಯುತ್ ಎಷ್ಟು? ಪೂರ್ತಿ ಬರಿದಾದ 88ರ ಬ್ಯಾಟರಿಯನ್ನು ತುಂಬಲು ಎರಡು ಯೂನಿಟ್ಟಿಗೂ ಕಡಿಮೆ. ತಿಂಗಳ ಸೋರಿಕೆ ತುಂಬಲು ಕಾಲು ಯೂನಿಟ್ಟು ಸಾಕು. ಇನ್ನೊಂದು ಕಡೆ ಹೊಸ ಬ್ಯಾಟರಿಗೆ 7,000 ರೂಪಾಯಿ, ಹಾಲಿಗೆ ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ 200 ಲೀಟರ್ ಹಾಲಿನ ಬಟವಡೆ. ದಿನಕ್ಕೆ ಹತ್ತು ಲೀಟರ್ ಹಾಕುವ ಮನೆಗೆ ಇಪ್ಪತ್ತು ದಿನದ ದುಡಿಮೆ. ಜೋಪಾನ ಮಾಡಿದರೆ ನಾಲ್ಕೈದು ವರ್ಷ ಬಾಳುವ ಬ್ಯಾಟರಿಯನ್ನು ಎರಡು ವರ್ಷಕ್ಕೆ ಬದಲಿಸಿದರೆ ನಷ್ಟ ಯಾರದು ಎಂದು ನೀವೇ ಎಣಿಸಿರಿ.

ಹೊಲದ ಮನೆಯಲ್ಲಿ ವಿದ್ಯುತ್ ನೆಚ್ಚಿಕೆಯಿಲ್ಲದವರು 10 ವಾಟಿನ ಸಣ್ಣ ಸೌರ ಫಲಕ ಹಾಕಬಹುದು. ನಮ್ಮ ಬಿಸಿಲಿಗೆ ದಿನಕ್ಕೆ ಎರಡೂವರೆ ಆಂಪಿಯರ್ ಗಂಟೆ ಕೊಡುತ್ತದೆ, ಸೋರಿಕೆಗೆ ಅದು ಸಾಕು. ಮಧ್ಯದಲ್ಲಿ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಇಲ್ಲದಿದ್ದರೆ ತುಂಬಿದ ಮೇಲೂ ತುಂಬುತ್ತಲೇ ಹೋಗಿ ನೀರು ಆರುತ್ತದೆ.

ನೀರಿನ ಮಾತು. ಭಟ್ಟಿ ಇಳಿಸಿದ ನೀರು ಮಾತ್ರ. ಬೋರಿನ ನೀರಿನಲ್ಲಿ ಸುಣ್ಣ, ಕಬ್ಬಿಣ, ಉಪ್ಪು ಇರುತ್ತವೆ. ಅವು ಪ್ಲೇಟಿಗೆ ವಿಷ. ಊರಲ್ಲಿ ಸಿಗುವ ಶುದ್ಧ ಕುಡಿಯುವ ನೀರಿನ ಘಟಕದ ನೀರೂ ಬ್ಯಾಟರಿಗೆ ಆಗದು. ಪ್ಲೇಟಿನ ಮೇಲೆ ಒಂದು ಬೆರಳಿನ ದಪ್ಪ ನೀರು ನಿಲ್ಲಬೇಕು. ಪ್ಲೇಟು ಕಾಣುತ್ತಿದ್ದರೆ ಮುಳುಗುವಷ್ಟು ಮಾತ್ರ ಹಾಕಿ ಚಾರ್ಜ್ ಮಾಡಿ, ಉಳಿದದ್ದನ್ನು ಚಾರ್ಜ್ ಆದ ಮೇಲೆ ಹಾಕಿರಿ. ಚಾರ್ಜ್ ಆಗುವಾಗ ಮಟ್ಟ ಏರುವುದರಿಂದ ಮೊದಲೇ ತುಂಬಿದರೆ ಆಮ್ಲ ಉಕ್ಕಿ ಹೊರಗೆ ಬರುತ್ತದೆ. ನೀರು ಹಾಕಿದ ಕೂಡಲೇ ರೀಡಿಂಗ್ ನೋಡಬೇಡಿ. ಮುಚ್ಚಳವಿಲ್ಲದ ಸೀಲ್ಡ್ ಬ್ಯಾಟರಿಗೆ ನೀರಿನ ಗೊಡವೆಯಿಲ್ಲ, ಆದರೆ ಚಾರ್ಜಿನ ಗೊಡವೆ ಇದ್ದೇ ಇದೆ. ಅದರ ಮೇಲಿನ ಹಸಿರು ಕಣ್ಣು ಒಂದೇ ಮನೆಯ ಸ್ಥಿತಿಯನ್ನು ತೋರಿಸುತ್ತದೆ ಎಂಬುದು ನೆನಪಿರಲಿ.

ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಅನಿಲ ಬರುತ್ತದೆ. ಅದು ಕಿಡಿ ತಾಗಿದರೆ ಸ್ಫೋಟಿಸುತ್ತದೆ. ಬಣವೆಯ ಪಕ್ಕ, ಹೊಟ್ಟು ತುಂಬಿದ ಕೋಣೆ, ದನದ ಕೊಟ್ಟಿಗೆ ಇವುಗಳಲ್ಲಿ ಚಾರ್ಜ್ ಮಾಡಕೂಡದು. ಬೀಡಿ ಹಚ್ಚಿಕೊಂಡು ಒಳಗೆ ನೀರು ಎಷ್ಟಿದೆ ಎಂದು ಬಗ್ಗಿ ನೋಡಿದವರ ಮುಖಕ್ಕೆ ಆಮ್ಲ ಸಿಡಿದೀತು. ಕ್ಲಿಪ್ಪು ಹಾಕುವಾಗ, ತೆಗೆಯುವಾಗ ಚಾರ್ಜರ್ ಬಂದ್ ಇರಲಿ. ಆಮ್ಲ ಕಣ್ಣಿಗೆ ಹಾರಿದರೆ ಕಾಲು ತಾಸು ಬಿಡದೆ ತಣ್ಣೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಬೇಕು.

ಒಂದೇ ಬ್ಯಾಟರಿಯನ್ನು ಎರಡು ಯಂತ್ರಗಳಿಗೆ ಬಳಸುವ ಪದ್ಧತಿಯೂ ಇದೆ. ಟ್ರ್ಯಾಕ್ಟರ್ ಚಾಲೂ ಮಾಡಿ, ಓಡುತ್ತಿರುವಾಗಲೇ ಬ್ಯಾಟರಿ ಬಿಚ್ಚಿ ಇನ್ನೊಂದಕ್ಕೆ ಹಾಕುತ್ತಾರೆ. ಹೀಗೆ ಎಂದಿಗೂ ಮಾಡಬೇಡಿ. ಓಡುವ ಇಂಜಿನ್ನಿನಿಂದ ಬ್ಯಾಟರಿ ಬಿಚ್ಚಿದ ಕ್ಷಣ ವೋಲ್ಟೇಜು ಜಿಗಿದು ಆಲ್ಟರ್ನೇಟರ್ ಸುಟ್ಟೀತು. ಹೊಸ ಗಾಡಿಯಾದರೆ ಕಂಪ್ಯೂಟರ್ ಪೆಟ್ಟಿಗೆಯೂ ಹೋದೀತು. ಉಳಿಸಿದ್ದು ಒಂದು ಬ್ಯಾಟರಿ, ಕಳೆದದ್ದು ಅದರ ಕೆಲವು ಪಟ್ಟು.

ಸಂಘದ ಜನರೇಟರ್

ಬಿಎಂಸಿ ಇರುವ ಸಂಘಗಳ ಕಾರ್ಯದರ್ಶಿಗಳೂ ಆಡಳಿತ ಮಂಡಳಿಯವರೂ ಇದನ್ನು ಓದಬೇಕು. ಊರಿನಲ್ಲಿ ಅತ್ಯಂತ ಕಡಿಮೆ ಓಡುವ ಇಂಜಿನ್ ಯಾವುದು ಎಂದರೆ ಸಂಘದ ಜನರೇಟರ್. ವಿದ್ಯುತ್ ಚೆನ್ನಾಗಿದ್ದಷ್ಟು ದಿನ ಅದರ ಕಡೆ ಯಾರೂ ನೋಡುವುದಿಲ್ಲ. ಏಪ್ರಿಲ್‌ನಲ್ಲಿ ಗುಡುಗು ಗಾಳಿ ಬೀಸಿ ಕಂಬ ಬಿದ್ದ ಸಂಜೆ ಅದರ ಕೆಲಸ. ಆಗಷ್ಟೇ ಹಿಂಡಿದ ಹಾಲು ಮೈಶಾಖದಲ್ಲಿ ಬಂದಿರುತ್ತದೆ, ಅದನ್ನು 4 ಡಿಗ್ರಿಗೆ ಇಳಿಸಬೇಕು. ಆ ಶಾಖದಲ್ಲಿ ಹಾಲಿನ ಸೂಕ್ಷ್ಮಾಣುಗಳು ಅರ್ಧ ತಾಸಿಗೊಮ್ಮೆ ಇಮ್ಮಡಿಯಾಗಬಲ್ಲವು. ಆ ಹೊತ್ತಿನಲ್ಲಿ ಜನರೇಟರ್ 'ಟಕ್' ಎಂದರೆ ಕೆಡುವುದು ಒಬ್ಬರ ಹಾಲಲ್ಲ, ಇಡೀ ಊರಿನ ಒಂದು ಹೊತ್ತಿನ ಹಾಲು.

ಜನರೇಟರಿಗೆ ಸಣ್ಣ ಫ್ಲೋಟ್ ಚಾರ್ಜರ್ ಇದ್ದರೆ ಅದು ವಿದ್ಯುತ್ ಇದ್ದಾಗ ಬ್ಯಾಟರಿಯನ್ನು ಸದಾ ತುಂಬಿಸಿ ಇಡುತ್ತದೆ. ಅದರ ದೀಪ ಉರಿಯುತ್ತಿದೆಯೇ ಎಂದು ದಿನವೂ ನೋಡುವುದು ಅರೆ ನಿಮಿಷದ ಕೆಲಸ. ವಾರಕ್ಕೊಮ್ಮೆ ಅರ್ಧ ತಾಸು, ಖಾಲಿ ಅಲ್ಲ, ಕೂಲರಿನ ಭಾರ ಹಾಕಿಯೇ ಓಡಿಸಬೇಕು. ಓಡಿಸಿದ ದಿನಾಂಕ, ಬ್ಯಾಟರಿಯ ವೋಲ್ಟೇಜು ಎರಡನ್ನೂ ಒಂದು ವಹಿಯಲ್ಲಿ ಬರೆಯಿರಿ. ವೋಲ್ಟೇಜು ವಾರದಿಂದ ವಾರಕ್ಕೆ ಇಳಿಯುತ್ತಾ ಬಂದರೆ ಬ್ಯಾಟರಿ ಮುಂಚಿತವಾಗಿಯೇ ನಿಮಗೆ ತಿಳಿಸುತ್ತಿದೆ.

ಹಳೆಯ ಬ್ಯಾಟರಿ ಕೊಟ್ಟಿಗೆಯಲ್ಲಿ ಬೇಡ

ಇಲ್ಲಿಯವರೆಗೆ ಹೇಳಿದ್ದು ಹಣದ ಮಾತು. ಇದು ದನದ ಜೀವದ ಮಾತು, ಆದ್ದರಿಂದ ದಯವಿಟ್ಟು ನಿಧಾನವಾಗಿ ಓದಿರಿ.

ಸತ್ತ ಬ್ಯಾಟರಿಯನ್ನು ನಾವು ಎಲ್ಲಿ ಇಡುತ್ತೇವೆ? ಕೊಟ್ಟಿಗೆಯ ಮೂಲೆಯಲ್ಲಿ, ತಿಪ್ಪೆಯ ಪಕ್ಕ, ಗೊಂತಿಗೆ ಆಸರೆಯಾಗಿ. ಕೆಲವರು ಪೆಟ್ಟಿಗೆ ಒಡೆದು ದನಕ್ಕೆ ನೀರಿಡಲು ಬಳಸಿದ್ದೂ ಉಂಟು. ಆ ಪ್ಲೇಟುಗಳೆಲ್ಲ ಸೀಸ. ದನಗಳಿಗೆ, ಅದರಲ್ಲೂ ಎಳೆಗರುಗಳಿಗೆ ಕಂಡದ್ದನ್ನೆಲ್ಲ ನೆಕ್ಕುವ ಸ್ವಭಾವ. ಖನಿಜದ ಕೊರತೆ ಇದ್ದರೆ ಇನ್ನೂ ಹೆಚ್ಚು. ದನಗಳಿಗೆ ಆಗುವ ವಿಷಬಾಧೆಗಳಲ್ಲಿ ಸೀಸದ ವಿಷ ಜಗತ್ತಿನ ಬಹಳ ಕಡೆ ಕಾಣುವಂಥದು, ಅದರ ಮುಖ್ಯ ಮೂಲ ಎಸೆದ ಬ್ಯಾಟರಿಗಳೇ. ನುಂಗಿದ ಚೂರು ಹೊಟ್ಟೆಯ ಜಾಲರಿ ಚೀಲದಲ್ಲಿ ಕೂತು ವಾರಗಟ್ಟಲೆ ಸೀಸವನ್ನು ರಕ್ತಕ್ಕೆ ಬಿಡುತ್ತಿರುತ್ತದೆ.

ದನ ಮೇವು ಬಿಡುತ್ತದೆ, ಹಲ್ಲು ಕಡಿಯುತ್ತದೆ, ಜೊಲ್ಲು ಸುರಿಸುತ್ತದೆ. ಕಿವಿ, ಕಣ್ಣುರೆಪ್ಪೆ ಅದುರುತ್ತವೆ. ಕಣ್ಣು ಕಾಣದೆ ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಸುತ್ತು ತಿರುಗುತ್ತದೆ, ಸೆಳವು ಬಂದು ಬೀಳುತ್ತದೆ. ಕರುವಾದರೆ ಒಂದೆರಡು ದಿನದಲ್ಲೇ ಸಾಯಬಹುದು. ಈ ಲಕ್ಷಣಗಳಲ್ಲಿ ಕೆಲವು ಹುಚ್ಚುನಾಯಿ ರೋಗವನ್ನೂ ಹೋಲುವುದರಿಂದ ಗಂಟಲಲ್ಲಿ ಏನಾದರೂ ಸಿಕ್ಕಿದೆಯೇ ಎಂದು ಬಾಯೊಳಗೆ ಕೈ ಹಾಕಕೂಡದು. ಕೂಡಲೇ ಪಶುವೈದ್ಯರಿಗೆ ತಿಳಿಸಿರಿ, ಇಲ್ಲವೇ ಸಂಚಾರಿ ಪಶು ಚಿಕಿತ್ಸಾ ವಾಹನದ 1962 ಸಂಖ್ಯೆಗೆ ಕರೆ ಮಾಡಿರಿ. ಹತ್ತಿರದಲ್ಲಿ ಹಳೆಯ ಬ್ಯಾಟರಿ ಇತ್ತು ಎಂಬುದನ್ನು ಮರೆಯದೆ ಹೇಳಿರಿ. ವೈದ್ಯರಿಗೆ ಅದಕ್ಕಿಂತ ದೊಡ್ಡ ಸುಳಿವಿಲ್ಲ. ಸೀಸ ಹಾಲಿನಲ್ಲಿಯೂ ಬರುತ್ತದೆ. ಆದುದರಿಂದ ಅಂಥ ದನದ ಹಾಲನ್ನಾಗಲಿ, ಜೊತೆಗೆ ನೆಕ್ಕಿರಬಹುದಾದ ಉಳಿದ ದನಗಳ ಹಾಲನ್ನಾಗಲಿ ವೈದ್ಯರು ಹೇಳುವವರೆಗೆ ಸಂಘಕ್ಕೆ ಹಾಕಬಾರದು, ಮನೆಯ ಮಕ್ಕಳಿಗೂ ಕೊಡಬಾರದು.

ಇನ್ನೊಂದು ಅಪಾಯ ಹೊಲದಲ್ಲಿದೆ. ಗೋವಿನಜೋಳದ ಹೊಲದ ಬದುವಿನಲ್ಲಿ ಬಿಟ್ಟ ಬ್ಯಾಟರಿ ಮೇವಿನ ಜೊತೆ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಪುಡಿಯಾದರೆ, ಆ ಪುಡಿ ರಸಮೇವಿನ ಗುಂಡಿಯ ತುಂಬ ಹರಡುತ್ತದೆ. ಹೊರದೇಶಗಳಲ್ಲಿ ಹೀಗೆ ಒಂದೇ ಬ್ಯಾಟರಿಯಿಂದ ಹಿಂಡಿನ ಹಲವು ದನಗಳು ಸತ್ತ ಉದಾಹರಣೆಗಳಿವೆ. ಮೇವು ಕೊಯ್ಯುವ ಮೊದಲು ಬದು ಒಮ್ಮೆ ಸುತ್ತಿ ಬನ್ನಿರಿ.

ಹಳೆಯ ಬ್ಯಾಟರಿಯನ್ನು ಒಡೆಯದೆ, ಆಮ್ಲ ಚೆಲ್ಲದೆ, ನೆಟ್ಟಗೆ ನಿಲ್ಲಿಸಿ, ಹೊಸದು ಕೊಳ್ಳುವ ಅಂಗಡಿಗೇ ಮರಳಿ ಕೊಡಿರಿ. 2001ರ ನಿಯಮಗಳಲ್ಲೂ, ಅವುಗಳ ಬದಲಿಗೆ ಬಂದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೂ ಹಳೆಯದನ್ನು ಮರಳಿ ಪಡೆಯುವ ಏರ್ಪಾಡು ಇದೆ. ಸೀಸಕ್ಕೆ ಬೆಲೆ ಇರುವುದರಿಂದ ಹೊಸದರ ದರದಲ್ಲಿ ಅದಕ್ಕೆ ಕಡಿತವೂ ಸಿಗುತ್ತದೆ, ಕೇಳಿ ಪಡೆಯಿರಿ. ಕೊಳ್ಳುವಾಗ ಬ್ಯಾಟರಿಯ ಮೇಲೆ ಒತ್ತಿರುವ ತಯಾರಿಕೆಯ ತಿಂಗಳನ್ನು ನೋಡಿರಿ. ಅಂಗಡಿಯ ಕಪಾಟಿನಲ್ಲಿ ಆರು ತಿಂಗಳು ಚಾರ್ಜಿಲ್ಲದೆ ಕೂತ ಬ್ಯಾಟರಿ ನಿಮ್ಮ ತಗಡಿನ ಕೆಳಗೆ ಕೂತದ್ದಕ್ಕಿಂತ ಬೇರೆಯಲ್ಲ. ವಾರಂಟಿ ಚೀಟಿಯ ಮೇಲೆ ಅಂಗಡಿಯ ಮುದ್ರೆ, ದಿನಾಂಕ ಅಂದೇ ಹಾಕಿಸಿಕೊಳ್ಳಿರಿ.

ಹೈಡ್ರೋಮೀಟರ್ ದುಬಾರಿಯ ವಸ್ತುವಲ್ಲ. ಮನೆಗೊಂದು ಬೇಡ, ಊರಿಗೆ ಒಂದು ಇದ್ದರೆ ನಡೆಯುತ್ತದೆ. ನಾಲ್ಕು ಜನ ಕೂಡಿ ಒಂದು ಹೈಡ್ರೋಮೀಟರ್, ಒಂದು 8 ಆಂಪಿಯರ್ ಚಾರ್ಜರ್ ಕೊಂಡು ಹಂಚಿಕೊಳ್ಳಬಹುದು. ಆದರೆ ಅದನ್ನು ಸಂಘದ ಹಾಲಿನ ಕೋಣೆಯಲ್ಲಿ, ಲ್ಯಾಕ್ಟೋಮೀಟರಿನ ಡಬ್ಬಿಯ ಹತ್ತಿರ ಮಾತ್ರ ಇಡಬೇಡಿ. ಅದರ ಗಾಜಿನ ನಳಿಕೆಯ ತುದಿಯಲ್ಲಿ ಆಮ್ಲದ ಹನಿ ಉಳಿದಿರುತ್ತದೆ. ಬಳಸಿದ ಮೇಲೆ ನೀರಿನಲ್ಲಿ ತೊಳೆದು, ಮಕ್ಕಳ ಕೈಗೆ ಎಟುಕದ ಗೂಡಿನಲ್ಲಿ ಬೇರೆಯಾಗಿ ಇಡಿರಿ.